ಹದಿನೇಳನೇ ನಂಬರು

ಪರದೆ ಅಂದರೆ ಹಾಸ್ಟೆಲಿನ ಎರಡು ಬೆಡ್‌ಶೀಟು,
ಸೇಫ್ಟಿ ಪಿನ್ನಿನಲ್ಲಿ ಕೂಡಿಸಿ
ವಾಲಿಬಾಲ್ ಹಗ್ಗಕ್ಕೆ ನೇತುಹಾಕಿದ್ದು.
ಈಚೆ ನಾವು ಮೂವರು, ಆಚೆ ಮಕ್ಕಳು.
ಹೆಸರಿಲ್ಲ, ಊರಿಲ್ಲ, ಯಾರ ಶಿಷ್ಯರೆಂದಿಲ್ಲ.
ಮಾತಾಡಬೇಡಿ, ಕೆಮ್ಮಬೇಡಿ,
ಚಪ್ಪಲಿ ಬಾಗಿಲಲ್ಲೇ ಬಿಡಿ ಎಂದು ಅಪ್ಪಣೆ.
ಹೆಜ್ಜೆ ಸಪ್ಪಳದಲ್ಲೂ ಜಾತಕ ಇರುತ್ತದಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ವಿದ್ಯಾರ್ಥಿ ವಾದ್ಯವೃಂದ:
ಪಿಟೀಲಿಗೆ ಆರು ಜಾಗ, ಬಂದವರು ಮೂವತ್ತೊಂದು.
ಶ್ರುತಿಗೆ ಮೂವತ್ತು, ಲಯಕ್ಕೆ ಮೂವತ್ತು,
ನಾದಕ್ಕೆ ಇಪ್ಪತ್ತು,
ಕೊಟ್ಟ ಸ್ವರ ಓದಿ ನುಡಿಸಲು ಹದಿನೈದು.
ಉಳಿದ ಐದು, ‘ಇತರೆ’.
ಎಲ್ಲ ರಗಳೆ ಆ ಇತರೆಯಲ್ಲೇ.

ನನ್ನ ಬಲಕ್ಕೆ ಕ್ಲಾರಿನೆಟ್ಟು ಮುನಿವೆಂಕಟಪ್ಪನವರು,
ಪರದೆ ಇದ್ದರೂ ಕಣ್ಣು ಮುಚ್ಚಿಯೇ ಕೇಳುತ್ತಾರೆ.
ಎಡಕ್ಕೆ ಕೆಜಿಎಫಿನ ಬ್ಯಾಂಡ್ ಮಾಸ್ಟರ್ ಆರೋಗ್ಯನಾಥನ್,
ಬೂಟಿನೊಳಗೆ ಹೆಬ್ಬೆರಳಲ್ಲಿ ತಾಳ;
ತೊಗಲು ಮಿಸುಕುವುದರಿಂದ ಗೊತ್ತು.
ಆರನೇ ನಂಬರು ಮೂರು ಕಾಲ ಪಟಪಟನೆ ನುಡಿಸಿ ಬೀಗಿತು.
ಅವರು ಪೆನ್ನಿಗೆ ಮುಚ್ಚಳ ಹಾಕಿ ಗೊಣಗಿದರು:
‘ಒಳ್ಳೇ ಕೈ. ಆದ್ರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರುತ್ತೆ ಅಂತ
ಇದಕ್ಕೆ ಗೊತ್ತೇ ಇಲ್ಲ.’

ನಮ್ಮದೊಂದು ಹಳೇ ತಂತ್ರ:
ನುಡಿಸುತ್ತಿರುವಾಗ ಶ್ರುತಿಪೆಟ್ಟಿಗೆ ನಿಲ್ಲಿಸಿಬಿಡುವುದು,
ಹತ್ತು ಎಣಿಸಿ ಮತ್ತೆ ಹಾಕುವುದು.
ಆ ಹತ್ತರಲ್ಲಿ ಕೆಲವರು ಮೆಲ್ಲಗೆ ಮೇಲೇರಿಬಿಡುತ್ತಾರೆ,
ಕೆಲವರು ಜಾರುತ್ತಾರೆ.
ಒಬ್ಬಳು ಬಿಲ್ಲು ನಿಲ್ಲಿಸಿ
‘ಕರೆಂಟು ಹೋಯ್ತಾ ಸಾರ್?’ ಅಂದಳು.
ಮಾತಾಡಿದ್ದಕ್ಕೆ ಅಂಕ ಕಳೆಯಬೇಕಿತ್ತು.
ಮೂವರೂ ಮರೆತೆವು.

ಊಟವಾದ ಮೇಲೆ ಹದಿನೇಳು.
ಸದ್ದಿಗಿಂತ ಮೊದಲು ಬಂದದ್ದು ವಾಸನೆ,
ಬೆಡ್‌ಶೀಟಿನ ಅಡಿಯಿಂದ ನುಸುಳಿ.
ಕುದ್ದ ಗೂಡಿನದು, ಸತ್ತ ಹುಳದ್ದು,
ಎಷ್ಟು ಸೋಪು ತಿಕ್ಕಿದರೂ ಉಗುರಸಂದಿಯಲ್ಲಿ ಉಳಿಯುವ
ಶಿಡ್ಲಘಟ್ಟದ ವಾಸನೆ.
ಮುನಿವೆಂಕಟಪ್ಪನವರು ಮೂಗಿಗೆ ಟವೆಲು ಹಿಡಿದರು.
ನಾನು ಹಿಡಿಯಲಿಲ್ಲ.
ಅದು ನಮ್ಮಮ್ಮನ ಸೆರಗು.

ಇಪ್ಪತ್ತೆರಡು ವರ್ಷ ಬಿಸಿನೀರಿನ ಬೇಸಿನ್ನಿಗೆ ಬಗ್ಗಿ
ಗೂಡಿನ ತುದಿಯೆಳೆ ಹುಡುಕಿದವಳು.
ಎಳೆ ಕಡಿದರೆ, ಚರಕ ನಿಲ್ಲಿಸದೆ,
ಇನ್ನೊಂದು ಗೂಡಿನದನ್ನು ತೇಲಿಸಿ ಕೂಡಿಸುತ್ತಿದ್ದಳು,
ಗಂಟಿಲ್ಲದೆ.
ನೂಲು ಕೊಳ್ಳುವ ಸಾಹುಕಾರ ಬೆರಳಾಡಿಸಿದರೂ
ಸಿಕ್ಕುತ್ತಿರಲಿಲ್ಲ ಆ ಜಾಗ.

ಹದಿನೇಳರ ಬಿಲ್ಲು ಕೊನೆ ಮುಟ್ಟಿ ತಿರುಗಿದ್ದು
ನನಗೆ ಕೇಳಿಸಲಿಲ್ಲ.
ಎರಡನೇ ಸಲ ಕಾದು ಕೂತೆ. ಆಗಲೂ ಇಲ್ಲ.
ಶ್ರುತಿಪೆಟ್ಟಿಗೆ ನಿಲ್ಲಿಸಿದೆವು.
ಆ ಖಾಲಿಯಲ್ಲಿ ಷಡ್ಜ ಇದ್ದಲ್ಲೇ ಇತ್ತು,
ತುಂಬಿದ ಪಾತ್ರೆಯನ್ನು ಯಾರೋ
ತುಳುಕದಂತೆ ಎತ್ತಿ ಹಿಡಿದ ಹಾಗೆ.
ಬೂಟಿನ ತೊಗಲು ಕೂಡ ಸುಮ್ಮನಾಯಿತು.

ಪೆನ್ನು ಇಪ್ಪತ್ತೆಂಟು ಬರೆಯಿತು.
ತಲೆ ಕೇಳಿತು: ಇದು ಕಿವಿ ಕೊಟ್ಟದ್ದೋ, ಮೂಗು ಕೊಟ್ಟದ್ದೋ?
ಹೊಡೆದುಹಾಕಿ ಇಪ್ಪತ್ತಾರು ಮಾಡಿದೆ.
ನಮ್ಮವರೆಂದು ಕಳೆಯುವುದೂ ಪಕ್ಷಪಾತವೇ ತಾನೆ?
ಇಪ್ಪತ್ತೇಳು.
ಹಾಳೆ ಅಲ್ಲೊಂದಿಷ್ಟು ಹರಿಯಿತು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ.
ಇತರೆಯ ಚೌಕಕ್ಕೆ ಬಂದಾಗ
ಏನೂ ಬರೆಯದೆ ಪುಟ ಮಗುಚಿದೆ.

ಸಂಜೆ ಐದೂವರೆಗೆ ಗುಮಾಸ್ತ ಕೂಡಿಸಿ ಬಂದ.
‘ಮೇಡಂ, ಇಲ್ಲೊಂದು ಖಾಲಿ ಇದೆ.
ಸೊನ್ನೆಯೋ, ಮರೆತದ್ದೋ?
ಈಗ ಆರನೇ ಜಾಗದಲ್ಲಿ ಆರನೇ ನಂಬರು,
ಹದಿನೇಳು ಅದಕ್ಕಿಂತ ಎರಡಂಕ ಕೆಳಗೆ.’
ಹೇಳಬಾರದಿತ್ತು ಅವನು. ಹೇಳಿಬಿಟ್ಟ.
ಸೊನ್ನೆಯಿಂದ ಐದರವರೆಗೆ ಎಣಿಸಿದೆ,
ಕೈ ನಡುಗಲಿಲ್ಲವೆಂದರೆ ಸುಳ್ಳು.

ಆ ಕಡೆ ಹುಡುಗರು ಪಿನ್ನು ಬಿಚ್ಚತೊಡಗಿದ್ದರು,
ರಾತ್ರಿ ಹೊದೆಯಲು ಅವರಿಗೆ ಬೆಡ್‌ಶೀಟು ಬೇಕು.
ಒಂದು ಮೂಲೆ ಆಗಲೇ ಕಳಚಿ ಜೋಲುತ್ತಿತ್ತು,
ಅಲ್ಲೊಂದು ಪಾದ, ಬರಿಗಾಲು, ನೆಲ ತಡವುತ್ತ.
‘ತಡೀರಪ್ಪ,’ ಎಂದೆ, ಅತ್ತ ತಿರುಗದೆ,
‘ಇನ್ನೊಂದು ನಿಮಿಷ
ಇರಲಿ ಅದು ಅಲ್ಲೇ.’